ಗುರುತಿಲ್ಲದ ಕಂದು ಚೂರು

ವಿಜಯನಗರ, ಅತ್ತಿಗುಪ್ಪೆ, ಬಸವೇಶ್ವರನಗರದ ಹಾವನೂರು ಸರ್ಕಲ್. ಈ ಕಡೆಯ ಮೊಬೈಲ್ ರಿಪೇರಿ ಅಂಗಡಿಗಳಿಗೆ ‘ಡೆಡ್’ ಆಗಿ ಬರುವ ಫೋನುಗಳ ಪೈಕಿ ಒಂದು ಬಗೆಯವನ್ನು ಸರಿಮಾಡುವ ಕೆಲಸ ನಿಂತು ನೋಡುವಂತಿರುತ್ತದೆ. ಬ್ಯಾಟರಿ ಕಳಚಿ, ಅದರ ಜಾಗದಲ್ಲಿ ಮೇಜಿನ ಮೇಲಿನ ಡಿ.ಸಿ. ಸಪ್ಲೈ ಕೊಡುತ್ತಾರೆ. ಪವರ್ ಬಟನ್ ಒತ್ತುವ ಮೊದಲೇ ಮೀಟರು ಆಂಪಿಯರುಗಟ್ಟಲೆ ತೋರಿಸಿದರೆ “ಶಾರ್ಟ್ ಇದೆ ಸಾರ್” ಎಂಬ ತೀರ್ಪು. ಆಮೇಲೆ ಸೋಲ್ಡರಿಂಗ್ ಐರನ್ನಿನ ತುದಿಗೆ ರೋಸಿನ್ ಸೋಕಿಸಿ, ಏಳುವ ಹೊಗೆಗೆ ಬೋರ್ಡು ಹಿಡಿಯುತ್ತಾರೆ. ಬೋರ್ಡಿನ ಮೇಲೆಲ್ಲ ತೆಳ್ಳನೆಯ ಬಿಳಿ ಪೊರೆ ಕೂರುತ್ತದೆ. ಮತ್ತೆ ಕರೆಂಟ್ ಕೊಟ್ಟಾಗ, ನೂರಾರು ಬಿಡಿಭಾಗಗಳ ನಡುವೆ ಒಂದೇ ಒಂದು ಬಿಸಿಯಾಗಿ ಅದರ ಮೇಲಿನ ಪೊರೆ ಕರಗುತ್ತದೆ. ಅಲ್ಲಿರುವುದು ಒಂದು ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲದ ಕಂದು ಚೂರು. ಹಾಟ್ ಏರ್ ಬಿಟ್ಟು ಟ್ವೀಜರಿನಲ್ಲಿ ಅದನ್ನು ಎತ್ತಿದ ಕೂಡಲೇ ಮೀಟರು ಇಳಿಯುತ್ತದೆ, ಫೋನು ಎದ್ದು ಕೂರುತ್ತದೆ. ಅದರ ಜಾಗಕ್ಕೆ ಬೇರೆಯದು ಹಾಕುವುದಿಲ್ಲವೇ ಎಂದು ಕೇಳಿದರೆ, “ಪಕ್ಕದಲ್ಲೇ ಅಂಥವು ಇನ್ನೂ ಮೂರ್ನಾಲ್ಕು ಇವೆಯಲ್ಲ ಸಾರ್, ನಡೆಯುತ್ತೆ” ಎನ್ನುತ್ತಾರೆ.

ಬಹುಪಾಲು ಸಂದರ್ಭಗಳಲ್ಲಿ ಅದು ನಿಜ. ಒಂದು ಇಲ್ಲದಿದ್ದರೂ ನಡೆಯುತ್ತದೆ, ಒಂದು ಕೆಟ್ಟರೆ ಮಾತ್ರ ಎಲ್ಲವೂ ನಿಲ್ಲುತ್ತದೆ. ಈ ವಿಚಿತ್ರ ವಸ್ತುವಿನ ಹೆಸರು ಸೆರಾಮಿಕ್ ಚಿಪ್ ಕೆಪಾಸಿಟರ್. ಉದ್ಯಮದವರ ಬಾಯಲ್ಲಿ ಎಂಎಲ್‌ಸಿಸಿ, ಅಂದರೆ ಪದರ ಪದರವಾಗಿ ಕಟ್ಟಿದ ಸೆರಾಮಿಕ್ ಕೆಪಾಸಿಟರ್. ಒಳ್ಳೆಯ ಸ್ಮಾರ್ಟ್‌ಫೋನ್ ಒಂದರಲ್ಲಿ ಸುಮಾರು ಸಾವಿರ, ವಿದ್ಯುತ್ ಕಾರಿನಲ್ಲಿ ಹತ್ತು ಸಾವಿರದವರೆಗೂ ಇರುತ್ತವೆ. ಕೋಲಾರದ ನರಸಾಪುರದಲ್ಲೂ ದೇವನಹಳ್ಳಿಯಲ್ಲೂ ಜೋಡಣೆಯಾಗುವ ಫೋನುಗಳ ಬೋರ್ಡುಗಳ ಮೇಲೆ ಇವೇ ಕಿಕ್ಕಿರಿದಿವೆ. ಪ್ರೊಸೆಸರ್ ಬಗ್ಗೆ, ಕ್ಯಾಮೆರಾ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ಇದರ ಬಗ್ಗೆ ಯಾರೂ ಬರೆಯುವುದಿಲ್ಲ. ಆದರೆ ಪಶ್ಚಿಮ ಬೆಂಗಳೂರಿನ ಸಣ್ಣ ಕಾರ್ಖಾನೆಗಳಲ್ಲಿ, ರಿಪೇರಿ ಮೇಜುಗಳಲ್ಲಿ ತಲೆ ಕೆಡಿಸುವ ಭಾಗ ಯಾವುದು ಎಂದು ಕೇಳಿ ನೋಡಿ.

ಚಿರೋಟಿಯ ಎಸಳು

ಕೆಪಾಸಿಟರ್ ಎಂದರೆ ಎರಡು ಲೋಹದ ತಗಡು, ನಡುವೆ ವಿದ್ಯುತ್ ಹರಿಯಗೊಡದ ಒಂದು ಪದಾರ್ಥ. ಇದು ವಿದ್ಯುದಾವೇಶವನ್ನು ಹಿಡಿದಿಟ್ಟುಕೊಂಡು, ಬೇಕಾದಾಗ ಥಟ್ಟನೆ ಕೊಡುತ್ತದೆ. ಹೆಚ್ಚು ಹಿಡಿಯಬೇಕಾದರೆ ಮೂರೇ ದಾರಿ: ತಗಡುಗಳ ವಿಸ್ತಾರ ಹೆಚ್ಚಿಸಬೇಕು, ನಡುವಿನ ಪದಾರ್ಥವನ್ನು ತೆಳುವಾಗಿಸಬೇಕು, ಇಲ್ಲವೇ ವಿದ್ಯುತ್ ಕ್ಷೇತ್ರಕ್ಕೆ ಹೆಚ್ಚು ಸ್ಪಂದಿಸುವ ಪದಾರ್ಥವನ್ನೇ ಹುಡುಕಬೇಕು. ಸೆರಾಮಿಕ್ ಚಿಪ್ ಈ ಮೂರನ್ನೂ ಒಟ್ಟಿಗೆ ಮಾಡುತ್ತದೆ.

ಅದನ್ನು ಅಡ್ಡಲಾಗಿ ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮದುವೆಮನೆಯ ಚಿರೋಟಿ ನೆನಪಾಗುತ್ತದೆ. ಎಸಳಿನ ಮೇಲೆ ಎಸಳು, ನೂರಾರು ಎಸಳು; ಒಂದು ಸೆರಾಮಿಕ್, ಒಂದು ನಿಕ್ಕಲ್, ಮತ್ತೆ ಸೆರಾಮಿಕ್. ಇಂದಿನ ದೊಡ್ಡ ಮೌಲ್ಯದ ಚಿಪ್‌ಗಳಲ್ಲಿ ಒಂದೊಂದು ಸೆರಾಮಿಕ್ ಪದರ ಒಂದು ಮೈಕ್ರಾನಿಗಿಂತಲೂ ತೆಳು. ನಿಕ್ಕಲ್ ಪದರಗಳಲ್ಲಿ ಒಂದು ಬಿಟ್ಟು ಒಂದನ್ನು ಎಡತುದಿಗೆ, ಉಳಿದವನ್ನು ಬಲತುದಿಗೆ ಸೇರಿಸಿರುತ್ತಾರೆ. ಹೀಗೆ ನೂರಾರು ಕೆಪಾಸಿಟರ್‌ಗಳು ಸಮಾಂತರವಾಗಿ ಒಂದೇ ಚೂರಿನೊಳಗೆ ಕೂರುತ್ತವೆ.

ತಯಾರಿಯೂ ಮೂಲತಃ ಕುಂಬಾರಿಕೆಯೇ. ಸೆರಾಮಿಕ್ ಪುಡಿಯನ್ನು ಅಂಟು ಮತ್ತು ದ್ರಾವಕದೊಡನೆ ಕಲಸಿ ತೆಳು ಹಾಳೆಯಾಗಿ ಎಳೆಯುತ್ತಾರೆ. ಅದರ ಮೇಲೆ ನಿಕ್ಕಲ್ ಪೇಸ್ಟನ್ನು ಮುದ್ರಿಸಿ, ಹಾಳೆಗಳನ್ನು ಪೇರಿಸಿ, ಒತ್ತಿ, ಕತ್ತರಿಸಿ ಕುಲುಮೆಗೆ ಇಡುತ್ತಾರೆ. ಅಲ್ಲಿ 1,200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ. ಆಮ್ಲಜನಕ ಹೆಚ್ಚಿದ್ದರೆ ನಿಕ್ಕಲ್ ಸುಟ್ಟು ಆಕ್ಸೈಡ್ ಆಗುತ್ತದೆ; ತೀರಾ ಕಡಿಮೆಯಾದರೆ ಸೆರಾಮಿಕ್ಕೇ ತನ್ನ ಆಮ್ಲಜನಕ ಕಳೆದುಕೊಂಡು ವಿದ್ಯುತ್ ಸೋರತೊಡಗುತ್ತದೆ. ಈ ಹದ ಸಿಗುವ ತನಕ ಒಳಪದರಕ್ಕೆ ಪಲ್ಲಾಡಿಯಂ ಬೆರೆತ ಲೋಹವನ್ನೇ ಬಳಸಬೇಕಿತ್ತು. 2000ರ ಹೊತ್ತಿಗೆ ಪಲ್ಲಾಡಿಯಂ ಬೆಲೆ ಗಗನಕ್ಕೇರಿ, ಕಾರ್ಖಾನೆಗಳು ನಿಕ್ಕಲ್‌ನ ಕಡೆ ಹೊರಳುವುದು ಅನಿವಾರ್ಯವಾಯಿತು. ಚಿಪ್ ಪೈಸೆಗಳ ಲೆಕ್ಕಕ್ಕೆ ಇಳಿದದ್ದು ಅದರಿಂದ.

ಇನ್ನು ಆ ಪದಾರ್ಥ: ಬೇರಿಯಂ ಟೈಟನೇಟ್. ಎರಡನೇ ಮಹಾಯುದ್ಧಕ್ಕೆ ಮೊದಲು ಒಳ್ಳೆಯ ಕೆಪಾಸಿಟರ್ ಎಂದರೆ ಅಭ್ರಕದ್ದು. ಆ ಅಭ್ರಕದ ಬಹುಪಾಲು ನಮ್ಮ ದೇಶದ್ದು, ಕೊಡರ್ಮಾ ಕಡೆಯ ಗಣಿಗಳದ್ದು, ನೆಲ್ಲೂರಿನದ್ದು. ಯುದ್ಧ ಬಂದಾಗ ರೇಡಿಯೊ, ರಾಡಾರುಗಳಿಗೆ ಅದು ಎಷ್ಟಿದ್ದರೂ ಸಾಲದಾಯಿತು. ಬದಲಿ ಹುಡುಕುತ್ತಿದ್ದ ಅಮೆರಿಕ, ಜಪಾನ್, ಸೋವಿಯತ್ ರಷ್ಯಾಗಳ ಸಂಶೋಧಕರು 1940ರ ದಶಕದ ಮೊದಲ ಭಾಗದಲ್ಲಿ, ಯುದ್ಧದ ಗೋಪ್ಯದ ನಡುವೆ ಒಬ್ಬರಿಗೊಬ್ಬರು ತಿಳಿಯದಂತೆ, ಇದೇ ಪದಾರ್ಥಕ್ಕೆ ಬಂದು ಮುಟ್ಟಿದರು. ವಿದ್ಯುತ್ ಕ್ಷೇತ್ರಕ್ಕೆ ಸ್ಪಂದಿಸುವ ಗುಣದ ಅಳತೆ, ಅಂದರೆ ಡೈಎಲೆಕ್ಟ್ರಿಕ್ ಸ್ಥಿರಾಂಕ, ಅಭ್ರಕದ್ದು ಆರೇಳರ ಹತ್ತಿರ. ಬೇರಿಯಂ ಟೈಟನೇಟಿನದ್ದು ಸಾವಿರಗಳಲ್ಲಿ.

ಇಂದು ಈ ವ್ಯಾಪಾರದಲ್ಲಿ ಜಗತ್ತಿಗೆ ದೊಡ್ಡಣ್ಣನಾಗಿರುವ ಮುರಾಟ ಕಂಪನಿ 1944ರಲ್ಲಿ ಕ್ಯೋಟೊದಲ್ಲಿ ಶುರುವಾಯಿತು. ಸ್ಥಾಪಕ ಅಕಿರಾ ಮುರಾಟ ಅವರ ಮನೆತನದ್ದು ಪಿಂಗಾಣಿ ಇನ್ಸುಲೇಟರ್ ಮಾಡುವ ಕುಲುಮೆ. ಇದನ್ನು ಓದಿದಾಗಲೆಲ್ಲ ನನಗೆ ಬೆಂಗಳೂರಿನ ಎರಡು ಹಳೆಯ ಕಾರ್ಖಾನೆಗಳ ನೆನಪು. ಮಲ್ಲೇಶ್ವರದಾಚೆ, ಟಾಟಾ ಇನ್‌ಸ್ಟಿಟ್ಯೂಟಿನ ಎದುರು, ಮೈಸೂರು ಸಂಸ್ಥಾನ 1930ರ ದಶಕದಲ್ಲಿ ಸರ್ಕಾರಿ ಪಿಂಗಾಣಿ ಕಾರ್ಖಾನೆ ತೆರೆದಿತ್ತು. ವಿದ್ಯುತ್ ಕಂಬಗಳ ಇನ್ಸುಲೇಟರ್ ಅಲ್ಲಿಂದ ಬರುತ್ತಿದ್ದವು. ಇತ್ತ ಮೈಸೂರು ರಸ್ತೆಯಲ್ಲಿ ರೆಮ್ಕೋ, ಅಂದರೆ ರೇಡಿಯೊ ಮತ್ತು ಎಲೆಕ್ಟ್ರಿಕಲ್ಸ್ ತಯಾರಿಸುವ ರಾಜ್ಯ ಸರ್ಕಾರದ ಕಂಪನಿ. ವಿಜಯನಗರದ ರೆಮ್ಕೋ ಲೇಔಟಿನಲ್ಲಿ ಆ ಹೆಸರು ಇನ್ನೂ ಉಳಿದಿದೆ. 1970ರ ದಶಕದಲ್ಲಿ ಎರಡೂ ಬಿಎಚ್‌ಇಎಲ್ ಒಡೆತನಕ್ಕೆ ಸೇರಿದವು. ಒಂದು ಎಲೆಕ್ಟ್ರೋಪೋರ್ಸಲೈನ್ಸ್ ವಿಭಾಗವಾಯಿತು, ಇನ್ನೊಂದು ಮೈಸೂರು ರಸ್ತೆಯ ಎಲೆಕ್ಟ್ರಾನಿಕ್ಸ್ ವಿಭಾಗ. ಮಣ್ಣು ಸುಡುವ ವಿದ್ಯೆಯೂ ರೇಡಿಯೊ ಕಟ್ಟುವ ವಿದ್ಯೆಯೂ ಕೆಲವೇ ಮೈಲಿಗಳ ಅಂತರದಲ್ಲಿ, ಒಂದೇ ಯಜಮಾನನ ಕೈಕೆಳಗೆ ಇದ್ದವು. ಆದರೂ ಚಿಪ್ ಕೆಪಾಸಿಟರ್‌ನ ದೊಡ್ಡ ಉದ್ಯಮ ಇಲ್ಲಿ ಬೆಳೆಯಲಿಲ್ಲ.

ಒಣಗದ, ಊದದ ಭಾಗ

ಸೆರಾಮಿಕ್ ಚಿಪ್ ಗೆದ್ದದ್ದೇಕೆ ಎಂದು ತಿಳಿಯಲು ಇದು ಯಾರನ್ನು ಓಡಿಸಿತು ಎಂದು ನೋಡಬೇಕು. ಅಲ್ಯೂಮಿನಿಯಂ ಎಲೆಕ್ಟ್ರೋಲೈಟಿಕ್, ಆ ಪುಟ್ಟ ಡಬ್ಬಿಯಾಕಾರದ್ದು, ಒಳಗೆ ದ್ರವ ಇಟ್ಟುಕೊಂಡಿರುತ್ತದೆ. ಶಾಖಕ್ಕೆ ಅದು ಒಣಗುತ್ತದೆ. ಹತ್ತು ಡಿಗ್ರಿ ಬಿಸಿ ಹೆಚ್ಚಾದರೆ ಆಯಸ್ಸು ಅರ್ಧ ಎಂಬುದು ಎಲ್ಲ ಇಂಜಿನಿಯರುಗಳಿಗೂ ಬಾಯಿಪಾಠ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುತ್ತದೆ ಎಂದು ಬರೆದಿರುವ ಡಬ್ಬಿ 65 ಡಿಗ್ರಿಯಲ್ಲಿ 32,000 ಗಂಟೆ ಬಾಳೀತು, ಅಂದರೆ ಹಗಲೂ ರಾತ್ರಿ ಓಡಿದರೆ ಮೂರೂವರೆ ವರ್ಷಕ್ಕೂ ತುಸು ಹೆಚ್ಚು. ಗಾಳಿಯಾಡದ ಟಿ.ವಿ. ಸ್ಟ್ಯಾಂಡಿನೊಳಗೆ ತುರುಕಿಟ್ಟ ಸೆಟ್-ಟಾಪ್ ಬಾಕ್ಸು ಕೆಲವು ಬೇಸಿಗೆ ಕಳೆದ ಮೇಲೆ ಆನ್ ಆಗಲು ತಕರಾರು ಮಾಡುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ. 2000ರ ನಂತರದ ಕೆಲವು ವರ್ಷಗಳಲ್ಲಂತೂ ಕೆಟ್ಟ ಎಲೆಕ್ಟ್ರೋಲೈಟ್ ತುಂಬಿದ ಡಬ್ಬಿಗಳು ಜಗತ್ತಿನಾದ್ಯಂತ ಕಂಪ್ಯೂಟರ್ ಮದರ್‌ಬೋರ್ಡುಗಳ ಮೇಲೆ ಊದಿಕೊಂಡು ಒಡೆದವು. ಟ್ಯಾಂಟಲಮ್ ಚಿಕ್ಕದು, ಚೊಕ್ಕದು. ಆದರೆ ಪ್ಲಸ್-ಮೈನಸ್ ತಿರುವುಮುರುವಾದರೆ ಅಥವಾ ವೋಲ್ಟೇಜ್ ಮೀರಿದರೆ ಹೊತ್ತಿ ಉರಿಯುವ ಗುಣ ಅದರದ್ದು.

ಸೆರಾಮಿಕ್ ಚಿಪ್‌ಗೆ ಒಣಗಲು ದ್ರವವಿಲ್ಲ. ಪ್ಲಸ್-ಮೈನಸ್ ಎಂಬುದೇ ಇಲ್ಲ, ಹೇಗೆ ಇಟ್ಟರೂ ಸರಿ. ಹಳೆಯವುಗಳಂತೆ ಉದ್ದನೆಯ ಕಾಲುಗಳಿಲ್ಲ, ಆದ್ದರಿಂದ ಪ್ರೊಸೆಸರ್ ಒಂದು ನ್ಯಾನೊಸೆಕೆಂಡಿನಲ್ಲಿ ಕರೆಂಟಿಗೆ ಕೈಚಾಚಿದರೂ ಕೊಡಬಲ್ಲದು. ಅದರ ಒಳಪ್ರತಿರೋಧ ಕೆಲವೇ ಮಿಲಿಓಮ್; ಎಲೆಕ್ಟ್ರೋಲೈಟಿಕ್ ಡಬ್ಬಿಗಳಲ್ಲಿ ಅದು ಅನೇಕ ಪಟ್ಟು. ಕರೆಂಟು ಹೋಗಿಬರುವಾಗ ಇದು ಬಿಸಿಯಾಗುವುದೂ ಅಷ್ಟಕ್ಕಷ್ಟೇ. ಐಸಿಯ ಕಾಲಬುಡದಲ್ಲೇ ನಾಲ್ಕಾರನ್ನು ಕೂರಿಸಬಹುದು, ಯಂತ್ರ ಒಂದು ಗಂಟೆಯಲ್ಲಿ ಸಾವಿರಾರನ್ನು ರೀಲಿನಿಂದ ಎತ್ತಿ ಬೋರ್ಡಿಗೆ ಅಂಟಿಸುತ್ತದೆ. ಇದಿಲ್ಲದೆ ಇಂದಿನ ಫೋನು ಈ ಗಾತ್ರಕ್ಕೆ ಇಳಿಯುತ್ತಲೇ ಇರಲಿಲ್ಲ. ಅನುಕೂಲಗಳ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಹೇಳಬೇಕಾದ್ದಿಲ್ಲ, ಮಾರುಕಟ್ಟೆಯೇ ಹೇಳಿದೆ.

ಹತ್ತು ಎಂದರೆ ಮೂರು

ತೊಂದರೆ ಎಂದರೆ ಇದರ ದೋಷಗಳಿಗೆ ಬೇರೆಯ ಬೇರು ಇಲ್ಲ. ಯಾವ ಗುಣದಿಂದ ಚಿಕ್ಕ ಚೂರಿನಲ್ಲಿ ಅಷ್ಟು ಆವೇಶ ಹಿಡಿಯುತ್ತದೋ ಅದೇ ಗುಣ ಇದರ ಅರ್ಧ ದೋಷಗಳನ್ನು ಹೆರುತ್ತದೆ. ಮಾರುವವರ ಕ್ಯಾಟಲಾಗು ಗುಣವನ್ನು ಮೊದಲ ಪುಟದಲ್ಲೂ ದೋಷವನ್ನು ಕೊನೆಯ ಪುಟದ ರೇಖಾಚಿತ್ರದಲ್ಲೂ ಅಚ್ಚು ಹಾಕುವುದರಿಂದ ಎರಡೂ ಬೇರೆ ಬೇರೆ ಎಂದು ಕಾಣುತ್ತದೆ, ಅಷ್ಟೆ.

ಬೇರಿಯಂ ಟೈಟನೇಟಿನ ಹರಳಿನಲ್ಲಿ, ಸುಮಾರು 125 ಡಿಗ್ರಿಯ ಕೆಳಗೆ, ಟೈಟಾನಿಯಂ ಅಯಾನು ನಟ್ಟನಡುವೆ ಕೂರದೆ ಒಂದು ಕಡೆಗೆ ಸರಿದಿರುತ್ತದೆ. ಹಾಗಾಗಿ ಪ್ರತಿ ಕೋಶಕ್ಕೂ ಪ್ಲಸ್ ಒಂದು ಬದಿ, ಮೈನಸ್ ಇನ್ನೊಂದು ಬದಿ. ಒಂದೇ ದಿಕ್ಕಿಗೆ ಮುಖ ಮಾಡಿದ ಕೋಶಗಳು ಗುಂಪುಗಳಾಗಿ ಇರುತ್ತವೆ. ಹೊರಗಿನಿಂದ ವೋಲ್ಟೇಜ್ ಕೊಟ್ಟಾಗ ಈ ಗುಂಪುಗಳು ಅದರತ್ತ ತಿರುಗುತ್ತವೆ. ಸ್ಥಿರಾಂಕ ಸಾವಿರ ದಾಟುವುದು ಈ ತಿರುಗುವಿಕೆಯಿಂದ.

ಈಗ ಅದೇ ಚಿಪ್ಪಿಗೆ ಸದಾ 5 ವೋಲ್ಟ್ ಡಿ.ಸಿ. ಕೊಡಿ. ಗುಂಪುಗಳೆಲ್ಲ ಆಗಲೇ ಒಂದು ಕಡೆ ತಿರುಗಿ ನಿಂತಾಗಿದೆ. ಮೇಲೆ ಬರುವ ಸಣ್ಣ ಏರಿಳಿತಕ್ಕೆ ತಿರುಗಲು ಇನ್ನೇನೂ ಉಳಿದಿಲ್ಲ. ಕೆಪಾಸಿಟನ್ಸ್ ಕುಸಿಯುತ್ತದೆ. ಅರ್ಧ ಮೈಕ್ರಾನ್ ದಪ್ಪದ ಪದರಕ್ಕೆ 5 ವೋಲ್ಟ್ ಎಂದರೆ ಮೀಟರಿಗೆ ಒಂದು ಕೋಟಿ ವೋಲ್ಟಿನ ಕ್ಷೇತ್ರ. ಕುಸಿಯದೆ ಏನು ಮಾಡೀತು? 0402 ಗಾತ್ರದ, ಅಂದರೆ ಮೊದಲು ಕಂಡ ಕಂದು ಚೂರಿನಷ್ಟೇ ದೊಡ್ಡ, 6.3 ವೋಲ್ಟಿನ, 10 ಮೈಕ್ರೋಫ್ಯಾರಡ್ ಚಿಪ್ ಒಂದನ್ನು 5 ವೋಲ್ಟ್ ಲೈನಿನಲ್ಲಿ ಹಾಕಿದರೆ ಉಳಿಯುವುದು ಮೂರು-ನಾಲ್ಕು ಮೈಕ್ರೋಫ್ಯಾರಡ್, ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಚಿಪ್ ಕೆಟ್ಟಿಲ್ಲ. ಅದರ ಸ್ವಭಾವವೇ ಹಾಗೆ.

ಇದು ಮೇಜಿನ ಮೇಲೆ ಗೊತ್ತಾಗುವುದಿಲ್ಲ. ಮಾಮೂಲಿ ಎಲ್‌ಸಿಆರ್ ಮೀಟರು ಡಿ.ಸಿ. ಒತ್ತಡವಿಲ್ಲದೆ ಅಳೆಯುತ್ತದೆ, ಹತ್ತಕ್ಕೆ ಹತ್ತು ತೋರಿಸುತ್ತದೆ. ಬೋರ್ಡಿಗೆ ಹಾಕಿದ ಮೇಲೆ ಮೈಕ್ರೋಕಂಟ್ರೋಲರ್ ಆಗಾಗ ರೀಸೆಟ್ ಆಗುತ್ತದೆ. ಸಾಫ್ಟ್‌ವೇರಿನವರನ್ನು ಬೈಯುತ್ತಾರೆ. ನನ್ನ ಅನುಭವದಲ್ಲಿ, ಹೊಸ ಇಂಜಿನಿಯರುಗಳು ಅತಿ ಹೆಚ್ಚು ಮೋಸ ಹೋಗುವುದು ಎಕ್ಸ್7ಆರ್ ಎಂಬ ಗುರುತಿಗೆ. ಅದನ್ನು ಅವರು ಗುಣಮಟ್ಟದ ಮುದ್ರೆ ಎಂದು ಓದುತ್ತಾರೆ. ಅದು ಹೇಳುವುದು ಇಷ್ಟೇ: ಮೈನಸ್ 55ರಿಂದ 125 ಡಿಗ್ರಿಯವರೆಗೆ ಮೌಲ್ಯ ಶೇ 15ಕ್ಕಿಂತ ಆಚೀಚೆ ಹೋಗದು. ವೋಲ್ಟೇಜಿನ ಬಗ್ಗೆ ಅದು ತುಟಿ ಬಿಚ್ಚುವುದಿಲ್ಲ. ಎಕ್ಸ್5ಆರ್ 85 ಡಿಗ್ರಿಯವರೆಗೆ ಅದೇ ಮಾತು ಕೊಡುತ್ತದೆ. ವೈ5ವಿ ಎಂಬ ಅಗ್ಗದ ಜಾತಿಗೆ ಮೌಲ್ಯ ಶೇ 82ರಷ್ಟು ಇಳಿಯಲೂ ಅನುಮತಿ ಉಂಟು! ಹಳೆಯ ದಾಸ್ತಾನಿನಲ್ಲಿ ಅದು ಸಿಕ್ಕರೆ ಕೈ ಜೋಡಿಸಿ ವಾಪಸು ಕೊಡುವುದು ಲೇಸು.

ಪರಿಹಾರ ಕಷ್ಟದ್ದೇನಲ್ಲ. ದೊಡ್ಡ ಗಾತ್ರದ ಚಿಪ್, ಅಂದರೆ 0402 ಬದಲು 0805 ಅಥವಾ 1206, ಅದೇ ವೋಲ್ಟೇಜಿಗೆ ಸಾಮಾನ್ಯವಾಗಿ ಕಡಿಮೆ ಕುಸಿಯುತ್ತದೆ, ಏಕೆಂದರೆ ಪದರ ದಪ್ಪವಿಡಲು ಅಲ್ಲಿ ಜಾಗವಿದೆ. ಡಬ್ಬದ ಮೇಲಿನ ಸಂಖ್ಯೆ ಬಿಟ್ಟು ತಯಾರಕರು ಕೊಡುವ ಡಿ.ಸಿ. ಬಯಾಸ್ ರೇಖೆ ನೋಡಿ ಕೊಳ್ಳಬೇಕು. ಟೈಮಿಂಗ್, ಫಿಲ್ಟರ್, ರೇಡಿಯೊ ಸರ್ಕ್ಯೂಟಿನಲ್ಲಿ ಮೌಲ್ಯ ಕದಲಲೇಬಾರದು ಎಂದಾದರೆ ಸಿ0ಜಿ ಎಂಬ ಬೇರೆಯೇ ಜಾತಿಯ ಸೆರಾಮಿಕ್ ಇದೆ. ಡಿಗ್ರಿಗೆ ಹತ್ತು ಲಕ್ಷದಲ್ಲಿ 30 ಭಾಗಕ್ಕಿಂತ ಹೆಚ್ಚು ಅದು ಅಲುಗದು, ಡಿ.ಸಿ.ಗೂ ಬಗ್ಗದು, ವಯಸ್ಸೂ ಆಗದು. ಆದರೆ ಅದರ ಸ್ಥಿರಾಂಕ ನೂರರ ಒಳಗೆ. ಆದ್ದರಿಂದ ಹತ್ತು ಮೈಕ್ರೋಫ್ಯಾರಡ್ ಸಿ0ಜಿ ಬೇಕು ಎಂದರೆ ಅಂಗಡಿಯವರು ನಗುತ್ತಾರೆ.

ವಯಸ್ಸು ಎಂದೆ. ಬೇರಿಯಂ ಟೈಟನೇಟಿನ ಆ ಗುಂಪುಗಳು ಕಾಲ ಕಳೆದಂತೆ ತಮ್ಮ ತಮ್ಮ ಜಾಗದಲ್ಲಿ ಭದ್ರವಾಗಿ ಕೂತು, ತಿರುಗಲು ಸೋಮಾರಿಗಳಾಗುತ್ತವೆ. ಗಂಟೆಗಳ ಲೆಕ್ಕ ಹತ್ತು ಪಟ್ಟಾದಾಗಲೆಲ್ಲ ಎಕ್ಸ್7ಆರ್ ಮೌಲ್ಯ ಸುಮಾರು ಶೇ 2.5ರವರೆಗೆ ಇಳಿಯುತ್ತದೆ: ಹತ್ತರಿಂದ ನೂರು ಗಂಟೆಗೆ ಒಮ್ಮೆ, ನೂರರಿಂದ ಸಾವಿರಕ್ಕೆ ಇನ್ನೊಮ್ಮೆ, ಸಾವಿರದಿಂದ ಹತ್ತು ಸಾವಿರಕ್ಕೆ ಮತ್ತೊಮ್ಮೆ. ಚಿಪ್ಪನ್ನು 125 ಡಿಗ್ರಿಗಿಂತ ಸಾಕಷ್ಟು ಮೇಲೆ ಕಾಯಿಸಿದರೆ ಗುಂಪುಗಳು ಕಲಕಿಹೋಗಿ ಪ್ರಾಯ ಮರಳುತ್ತದೆ. ಹೊಸದಾಗಿ ಸೋಲ್ಡರ್ ಓವನ್ನಿನಿಂದ ಹೊರಬಂದ ಬೋರ್ಡಿನಲ್ಲಿ ಮೌಲ್ಯ ತುಸು ಹೆಚ್ಚೇ ಕಂಡು, ಟೆಸ್ಟಿಂಗಿನವರು ಗಾಬರಿಯಾಗುವುದು ಇದರಿಂದ.

ಅದೇ ಗುಂಪುಗಳು ತಿರುಗುವಾಗ ಸೆರಾಮಿಕ್ ಅತ್ಯಲ್ಪ ಹಿಗ್ಗಿ ಕುಗ್ಗುತ್ತದೆ. ಆ ಏರಿಳಿತ ಕಿವಿಗೆ ಕೇಳುವ ಆವರ್ತಾಂಕದಲ್ಲಿದ್ದರೆ ಬೋರ್ಡೇ ಧ್ವನಿಪೆಟ್ಟಿಗೆಯಾಗಿ ಕೀಚಲು ಸದ್ದು ಬರುತ್ತದೆ. ರಾತ್ರಿ ಮಾಗಡಿ ರಸ್ತೆಯ ಗದ್ದಲ ಅಡಗಿದ ಮೇಲೆ ಲ್ಯಾಪ್‌ಟಾಪಿನಿಂದಲೋ ಮಂದ ಮಾಡಿದ ಎಲ್‌ಇಡಿ ದೀಪದಿಂದಲೋ ಕೇಳುವ ಸಣ್ಣ ಕೀರಲಿಗೆ ಇದು ಒಂದು ಕಾರಣ. ಕಾಯಿಲ್‌ಗಳೂ ಹಾಡುತ್ತವೆ, ಎಲ್ಲ ಆರೋಪವನ್ನೂ ಇದರ ಮೇಲೆ ಹಾಕುವಂತಿಲ್ಲ. ಇದರ ತಿರುವೂ ಉಂಟು. ಬೋರ್ಡನ್ನು ಬೆರಳಿನಲ್ಲಿ ತಟ್ಟಿದರೆ ಚಿಪ್ಪಿನಲ್ಲಿ ಪುಟ್ಟ ವೋಲ್ಟೇಜ್ ಹುಟ್ಟುತ್ತದೆ. ಮೈಕ್ ಆಂಪ್ಲಿಫೈಯರ್‌ನಂಥ ನಾಜೂಕು ಸರ್ಕ್ಯೂಟಿನಲ್ಲಿ ಎಕ್ಸ್7ಆರ್ ಹಾಕಿದವರಿಗೆ ಸ್ಪೀಕರಿನಲ್ಲಿ ಟಕ್ ಟಕ್ ಕೇಳಿಸುತ್ತದೆ.

ಬಿರುಕು

ಇಷ್ಟೆಲ್ಲವನ್ನೂ ಲೆಕ್ಕ ಹಾಕಿ ನಿಭಾಯಿಸಬಹುದು. ಲೆಕ್ಕಕ್ಕೆ ಸಿಗದೆ ಕಾಡುವುದು ಬಿರುಕು. ಎಷ್ಟೆಂದರೂ ಇದು ಸುಟ್ಟ ಮಣ್ಣಿನ ಜಾತಿ. ಒತ್ತಿದರೆ ತಡೆಯುತ್ತದೆ, ಬಾಗಿಸಿದರೆ ಬಿರಿಯುತ್ತದೆ. ಅದನ್ನು ನಾವು ಬಾಗುವ ಬೋರ್ಡಿನ ಮೇಲೆ ಎರಡೂ ತುದಿ ಕಚ್ಚಿಸಿ ಕೂರಿಸುತ್ತೇವೆ.

ಪೀಣ್ಯ, ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್. ಈ ಪಟ್ಟಿಯಲ್ಲಿ ಸ್ಟೆಬಿಲೈಸರ್, ಯುಪಿಎಸ್, ಪಂಪ್‌ಸೆಟ್ ಸ್ಟಾರ್ಟರ್, ಯಂತ್ರಗಳ ಕಂಟ್ರೋಲ್ ಕಾರ್ಡ್ ಮಾಡುವ ಸಣ್ಣ ಘಟಕಗಳು ಬಹಳ. ಅಲ್ಲಿ ಬೋರ್ಡುಗಳು ಒಂದೊಂದಾಗಿ ಬರುವುದಿಲ್ಲ. ಆರೋ ಎಂಟೋ ಬೋರ್ಡುಗಳ ಒಂದು ಪ್ಯಾನೆಲ್. ನಡುವೆ ‘ವಿ’ ಆಕಾರದ ಗೀರು. ಭಾಗಗಳನ್ನು ಜೋಡಿಸಿ ಆದ ಮೇಲೆ ಗೀರಿನಗುಂಟ ಬಿಡಿಸಬೇಕು. ಅದಕ್ಕೆ ಕಟರ್ ಯಂತ್ರವಿದೆ, ಆದರೆ ಸಂಜೆ ಐದೂವರೆಗೆ ಮಾಲು ಹೋಗಬೇಕಾದಾಗ ಕೈಯೇ ಯಂತ್ರ. ಮೇಜಿನ ಅಂಚಿಗೆ ಒತ್ತಿ ‘ಟಕ್’ ಎನ್ನಿಸುತ್ತಾರೆ. ಬೋರ್ಡು ಆ ಕ್ಷಣದಲ್ಲಿ ಒಂದೆರಡು ಮಿಲಿಮೀಟರ್ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಗೀರಿನ ಪಕ್ಕದಲ್ಲಿ, ಗೀರಿಗೆ ಅಡ್ಡಲಾಗಿ ಕೂತ ಚಿಪ್ಪಿನ ಕೆಳಮೂಲೆಯಿಂದ ಸುಮಾರು 45 ಡಿಗ್ರಿ ಓರೆಯಲ್ಲಿ ಬಿರುಕು ಏಳುತ್ತದೆ. ಅದು ಇರುವುದು ಸೋಲ್ಡರಿನ ಮರೆಯಲ್ಲಿ. ಭೂತಗನ್ನಡಿಗೆ ಕಾಣದು, ಎಕ್ಸ್-ರೇಯಲ್ಲೂ ಕಷ್ಟ. ಬೋರ್ಡು ಟೆಸ್ಟಿನಲ್ಲಿ ಪಾಸಾಗುತ್ತದೆ, ಪ್ಯಾಕಾಗುತ್ತದೆ, ಊರು ಬಿಡುತ್ತದೆ.

ಆಮೇಲೆ ಮಳೆಗಾಲ. ತೇವ ಬಿರುಕಿನೊಳಗೆ ಇಳಿಯುತ್ತದೆ. ವಿರುದ್ಧ ಧ್ರುವದ ಎರಡು ಪದರಗಳ ನಡುವೆ ಲೋಹದ ಕಣ ನಿಧಾನಕ್ಕೆ ಸರಿದು ಸೇತುವೆ ಕಟ್ಟುತ್ತದೆ. ಇನ್ಸುಲೇಶನ್ ಮೆಗಾಓಮ್‌ಗಳಿಂದ ಓಮ್‌ಗಳಿಗೆ ಇಳಿಯುತ್ತದೆ. ಎಲೆಕ್ಟ್ರೋಲೈಟಿಕ್ ಸಾಮಾನ್ಯವಾಗಿ ಒಣಗಿ, ಇದ್ದೂ ಇಲ್ಲದಂತಾಗಿ ಸಾಯುತ್ತದೆ. ಸೆರಾಮಿಕ್ ಚಿಪ್ ಸಾಯುವುದು ಶಾರ್ಟ್ ಆಗಿ. ಅದು ಬ್ಯಾಟರಿ ಅಥವಾ ಮುಖ್ಯ ಸಪ್ಲೈಗೆ ಅಡ್ಡಲಾಗಿದ್ದರೆ, ಫ್ಯೂಸು ಹಾರುವ ತನಕ ಅಥವಾ ಬೋರ್ಡು ಸುಟ್ಟು ಕರಿಕಾಗುವ ತನಕ ಕರೆಂಟು ಎಳೆಯುತ್ತಲೇ ಇರುತ್ತದೆ. ಐವತ್ತು ಪೈಸೆಯ ಭಾಗಕ್ಕಾಗಿ ರಾಯಚೂರಿಗೋ ಬೀದರಿಗೋ ಸರ್ವಿಸ್ ಹುಡುಗನನ್ನು ರಾತ್ರಿ ಬಸ್ಸಿಗೆ ಹತ್ತಿಸಿದ ಮಾಲೀಕರನ್ನು ಕೇಳಿದರೆ ಇದರ ನಿಜವಾದ ಬೆಲೆ ತಿಳಿಯುತ್ತದೆ.

ಕಾರು ಉದ್ಯಮಕ್ಕೆ ಇದು ಚೆನ್ನಾಗಿ ಗೊತ್ತು. ವಾಹನಗಳಿಗೆ ಹೋಗುವ ಚಿಪ್ಪುಗಳು ಎಇಸಿ-ಕ್ಯೂ200 ಎಂಬ ಮಾನದಂಡದ ಬಾಗುವ ಪರೀಕ್ಷೆ ದಾಟಬೇಕು; ಬೋರ್ಡನ್ನು 2 ಮಿಲಿಮೀಟರ್ ಬಾಗಿಸಿ ಹಿಡಿದಾಗಲೂ ಎಕ್ಸ್7ಆರ್ ಬಿರಿಯಬಾರದು. ತುದಿಯ ಲೋಹದೊಳಗೆ ವಾಹಕ ರಾಳದ ಮೆತ್ತನೆಯ ಪದರವಿಟ್ಟ ‘ಸಾಫ್ಟ್ ಟರ್ಮಿನೇಶನ್’ ಚಿಪ್ಪುಗಳು ಇನ್ನೂ ಹೆಚ್ಚು ತಡೆಯುತ್ತವೆ. ಬ್ಯಾಟರಿ ಲೈನಿಗೆ ಎರಡು ಚಿಪ್ಪುಗಳನ್ನು ಒಂದರ ಹಿಂದೆ ಒಂದು, ಒಂದಕ್ಕೊಂದು ಅಡ್ಡ ದಿಕ್ಕಿನಲ್ಲಿ ಹಾಕುವ ಪದ್ಧತಿಯೂ ಇದೆ. ಬೋರ್ಡು ಯಾವ ಕಡೆಗೆ ಬಾಗಿದರೂ ಎರಡೂ ಒಟ್ಟಿಗೆ ಬಿರಿಯುವ ಸಂಭವ ಕಡಿಮೆ. ಕೆಂಗೇರಿ ದಾಟಿ ಬಿಡದಿಯ ಕಾರು ಕಾರ್ಖಾನೆಗಳಿಗೆ ಬಿಡಿಭಾಗ ಕೊಡುವವರಿಗೆ ಇವೆಲ್ಲ ಕಡ್ಡಾಯದ ಪಾಠ. ಸ್ಟೆಬಿಲೈಸರ್ ಮಾಡುವವರಿಗೆ ಯಾರೂ ಕಡ್ಡಾಯ ಮಾಡಿಲ್ಲ. ಆದರೂ ಖರ್ಚಿಲ್ಲದೆ ಮಾಡಬಹುದಾದದ್ದು ಸಾಕಷ್ಟಿದೆ. ಚಿಪ್ಪನ್ನು ಗೀರಿಗೆ ಸಮಾನಾಂತರವಾಗಿ ಇಡಬೇಕು. ಅಂಚಿನಿಂದ, ಸ್ಕ್ರೂ ತೂತಿನಿಂದ, ಕನೆಕ್ಟರಿನಿಂದ ದೂರ ಸರಿಸಬೇಕು. ದೊಡ್ಡ ಚಿಪ್ಪಿಗೆ ಬಿರಿಯುವ ಅಪಾಯ ಹೆಚ್ಚು ಎಂಬುದನ್ನು ಮರೆಯಬಾರದು. ಕೊನೆಯದನ್ನು ಗಮನಿಸಿ: ಡಿ.ಸಿ. ಕುಸಿತಕ್ಕೆ ಮದ್ದೆಂದು ದೊಡ್ಡ ಗಾತ್ರಕ್ಕೆ ಹೋದವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಕೈಯಲ್ಲಿ ಸೋಲ್ಡರ್ ಮಾಡುವವರಿಗೆ ಇನ್ನೊಂದು ಅಪಾಯ. 350 ಡಿಗ್ರಿಯ ಐರನ್ ತುದಿಯನ್ನು ತಣ್ಣಗಿನ ಚಿಪ್ಪಿನ ಮೈಗೇ ತಾಗಿಸಿದರೆ ಒಂದು ತುದಿ ಥಟ್ಟನೆ ಹಿಗ್ಗಿ ಒಳಗೇ ಸೀಳುತ್ತದೆ. ಬೋರ್ಡನ್ನು ಮೊದಲು ಬೆಚ್ಚಗೆ ಮಾಡಿಕೊಂಡು, ತುದಿಯನ್ನು ಪ್ಯಾಡಿಗೆ ಮುಟ್ಟಿಸಿ, ಸೋಲ್ಡರೇ ಚಿಪ್ಪಿಗೆ ಹರಿಯುವಂತೆ ಮಾಡುವವರು ಕಸಬು ಬಲ್ಲವರು.

ಹಳೆಯ ಡಬ್ಬಿಗೆ ಮತ್ತೆ ಕೆಲಸ

ಒಳಪ್ರತಿರೋಧ ಕಡಿಮೆ ಇರುವುದು ಒಳ್ಳೆಯದೆಂದು ಮೇಲೆ ಹೊಗಳಿದ್ದಾಯಿತು. ಅದೂ ಕೆಲವೆಡೆ ತಿರುಗಿ ಕಚ್ಚುತ್ತದೆ. 1117 ಸಾಲಿನ ಮೂರು ಕಾಲಿನ ವೋಲ್ಟೇಜ್ ರೆಗ್ಯುಲೇಟರ್ ಎಲ್ಲರ ಮನೆಯ ಯಾವುದೋ ಒಂದು ಬೋರ್ಡಿನಲ್ಲಿ ಇದ್ದೇ ಇರುತ್ತದೆ. ಅದನ್ನು ರೂಪಿಸಿದ್ದು ಟ್ಯಾಂಟಲಮ್ ಕಾಲದಲ್ಲಿ. ಎಲ್‌ಎಂ1117ರ ಡೇಟಾಶೀಟ್, ಔಟ್‌ಪುಟ್ ಕೆಪಾಸಿಟರ್‌ನ ಒಳಪ್ರತಿರೋಧ 0.3 ಓಮ್‌ನಿಂದ 22 ಓಮ್ ನಡುವೆ ಇರಬೇಕು ಎನ್ನುತ್ತದೆ. ಮಿಲಿಓಮ್ ಲೆಕ್ಕದ ಸೆರಾಮಿಕ್ ಒಂದನ್ನೇ ಅಲ್ಲಿ ಹಾಕಿದರೆ ರೆಗ್ಯುಲೇಟರ್ ಸ್ಥಿರವಾಗಿ ನಿಲ್ಲದೆ ತೂಗಾಡಬಹುದು. ಊದಿದ ಡಬ್ಬಿ ತೆಗೆದು ‘ಹೊಸ ಟೆಕ್ನಾಲಜಿ’ ಎಂದು ಸೆರಾಮಿಕ್ ಕೂರಿಸಿದ ರಿಪೇರಿಯವರಿಗೆ, ಎಲ್ಲ ಸರಿಯಿದ್ದೂ ಬೋರ್ಡು ಏಕೆ ಹುಚ್ಚಾಟವಾಡುತ್ತಿದೆ ಎಂಬುದು ಬಗೆಹರಿಯುವುದಿಲ್ಲ.

ಇನ್ನೊಂದು, ಸಿಸಿಟಿವಿ ಹಾಕುವವರೆಲ್ಲ ನೋಡಿರುವ ಸಂಗತಿ. ಮೊದಲೇ ಚಾಲೂ ಇರುವ 12 ವೋಲ್ಟ್ ಅಡಾಪ್ಟರಿನ ಪಿನ್ನನ್ನು ಕ್ಯಾಮೆರಾಗೆ ಚುಚ್ಚಿದ ಕೂಡಲೇ ಕ್ಯಾಮೆರಾ ಸತ್ತಿತು. ಅಡಾಪ್ಟರ್ ಅಳೆದರೆ ಸರಿಯಾಗಿ 12. ಆಗಿರಬಹುದಾದದ್ದು ಇದು: ಉದ್ದನೆಯ ವೈರಿನ ಇಂಡಕ್ಟನ್ಸ್ ಮತ್ತು ಬೋರ್ಡಿನ ಬಾಗಿಲಲ್ಲಿರುವ ಸೆರಾಮಿಕ್ ಸೇರಿ ಒಂದು ಅನುರಣನ ಸರ್ಕ್ಯೂಟ್ ಆಗುತ್ತದೆ. ಅದನ್ನು ತಣಿಸುವ ಪ್ರತಿರೋಧ ಎಲ್ಲೂ ಇಲ್ಲ. ಕ್ಷಣಮಾತ್ರ ವೋಲ್ಟೇಜ್ ಇಮ್ಮಡಿಯ ಹತ್ತಿರ, 20 ದಾಟಿ ಜಿಗಿಯುತ್ತದೆ. 16 ವೋಲ್ಟಿನ ಐಸಿ ಅಲ್ಲೇ ಮಲಗುತ್ತದೆ. ಸೆರಾಮಿಕ್‌ನ ಪಕ್ಕದಲ್ಲಿ ಒಂದು ಸಾಧಾರಣ ಎಲೆಕ್ಟ್ರೋಲೈಟಿಕ್ ಡಬ್ಬಿ ಇಟ್ಟರೆ ಸಾಕು. ಅದರ ‘ಕೆಟ್ಟ’ ಒಳಪ್ರತಿರೋಧವೇ ಆ ಜಿಗಿತವನ್ನು ನುಂಗುತ್ತದೆ. ನಮ್ಮ ವಿದ್ಯುತ್ತು, ನಮ್ಮ ವೈರಿಂಗ್ ನೋಡಿಕೊಂಡು ಹೇಳುವುದಾದರೆ, ಸಪ್ಲೈ ಬಾಗಿಲಲ್ಲಿ ಬರೀ ಸೆರಾಮಿಕ್ ಇಟ್ಟು ಡಬ್ಬಿಯ ಮೂರು ರೂಪಾಯಿ ಉಳಿಸುವುದು ನನಗೆ ಒಪ್ಪಿಗೆಯಿಲ್ಲ.

ಎಸ್.ಪಿ. ರಸ್ತೆಯಲ್ಲಿ ಚಿಪ್ ಕೊಳ್ಳಲು ಹೋದವರಿಗೆ ಮತ್ತೊಂದು ಫಜೀತಿ. ರೆಸಿಸ್ಟರ್ ಚಿಪ್ಪಿನ ಮೈಮೇಲೆ ಹೆಚ್ಚಾಗಿ ಅಂಕಿ ಇರುತ್ತದೆ, 103 ಎಂದರೆ ಹತ್ತು ಸಾವಿರ ಓಮ್. ಸೆರಾಮಿಕ್ ಕೆಪಾಸಿಟರ್ ಮೇಲೆ ಏನೂ ಇಲ್ಲ. ಟೇಪಿನಿಂದ ಹೊರಬಿದ್ದರೆ ಅದು ಯಾವ ಮೌಲ್ಯ, ಎಷ್ಟು ವೋಲ್ಟ್, ಯಾವ ಜಾತಿ ಎಂದು ಹೇಳಲು ಯಾರಿಂದಲೂ ಆಗದು. ಮೀಟರು ಮೌಲ್ಯವನ್ನಷ್ಟೇ ಹೇಳೀತು, ವೋಲ್ಟನ್ನಲ್ಲ. ಗುಜರಿ ಬೋರ್ಡಿನಿಂದ ಕಿತ್ತು ಹಾಕುವ ರಿಪೇರಿಯವರು, ಅದು ಹಿಂದೆ ಯಾವ ವೋಲ್ಟೇಜ್ ಲೈನಿನಲ್ಲಿತ್ತು ಎಂದು ನೋಡಿಕೊಂಡೇ ಕೀಳುತ್ತಾರೆ. ಜಾಣತನ ಅದು.

ಕೊಳ್ಳಲು ಸಿಕ್ಕರೆ ತಾನೇ ಇದೆಲ್ಲ? 2018ರಲ್ಲಿ ಜಗತ್ತಿನಾದ್ಯಂತ ಈ ಚಿಪ್ಪುಗಳಿಗೆ ಬರ ಬಂತು. ಫೋನು ಮತ್ತು ಕಾರುಗಳ ದೊಡ್ಡ ಕಂಪನಿಗಳು ಮೊದಲ ಸಾಲಿನಲ್ಲಿ ನಿಂತವು. ಸಣ್ಣ ಘಟಕಗಳು ವಾರಗಳಲ್ಲಿ ಸಿಗುತ್ತಿದ್ದ ರೀಲಿಗೆ ತಿಂಗಳುಗಟ್ಟಲೆ ಕಾದವು. 2024ರ ಜನವರಿ 1ರಂದು ಜಪಾನಿನ ನೋಟೊ ಪ್ರದೇಶದಲ್ಲಿ ಭೂಕಂಪವಾದಾಗ ಮುರಾಟ ಆ ಭಾಗದ ತನ್ನ ಕೆಲವು ಕಾರ್ಖಾನೆಗಳ ಕೆಲಸ ನಿಲ್ಲಿಸಬೇಕಾಯಿತು. ಬೆರಳೆಣಿಕೆಯ ಕಂಪನಿಗಳು, ಅವೂ ಬಹುಪಾಲು ಜಪಾನ್, ಕೊರಿಯಾ, ತೈವಾನ್, ಚೀನಾದಲ್ಲಿ.

2025ರ ಮಾರ್ಚಿನಲ್ಲಿ ಕೇಂದ್ರ ಸಚಿವ ಸಂಪುಟ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ತಯಾರಿಕೆಗೆ 22,919 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕೆಪಾಸಿಟರ್‌ನಂಥ ಭಾಗಗಳೂ ಅದರ ವ್ಯಾಪ್ತಿಯಲ್ಲಿವೆ. ಕಟ್ಟಡ, ಯಂತ್ರ, ಕುಲುಮೆ ಹಣ ಕೊಟ್ಟರೆ ಬರುತ್ತವೆ. ಕಚ್ಚಾವಸ್ತುವಿಗಂತೂ ಬರವಿಲ್ಲ: ಬೇರಿಯಂಗೆ ಬೇಕಾದ ಬೇರೈಟ್ಸ್, ಬೆಂಗಳೂರಿನಿಂದ ಒಂದು ಹಗಲಿನ ದಾರಿಯ ಕಡಪ ಸೀಮೆಯ ಮಂಗಂಪೇಟೆಯಲ್ಲಿ ಗುಡ್ಡಗುಡ್ಡ ಇದೆ. ಟೈಟಾನಿಯಂಗೆ ಬೇಕಾದ ಇಲ್ಮೆನೈಟ್ ಕೇರಳದ ಚವರ ಕಡಲತೀರದ ಮರಳಿನಲ್ಲಿದೆ. ಇವೆರಡರಿಂದ ಮೈಕ್ರಾನಿನ ಹತ್ತನೇ ಒಂದು ಭಾಗದಷ್ಟು ಸಣ್ಣ, ಒಂದೇ ಸಮನಾದ ಕಣಗಳ ಬೇರಿಯಂ ಟೈಟನೇಟ್ ಪುಡಿ ಮಾಡುವುದೇ ಈ ಉದ್ಯಮದ ಒಳಗುಟ್ಟು. ಅರ್ಧ ಮೈಕ್ರಾನಿನ ಪದರದಲ್ಲಿ ಒಂದು ಕಣ ದಪ್ಪಗಿದ್ದರೂ ಅಲ್ಲೇ ಶಾರ್ಟ್. ಆ ಪುಡಿಯ ಪಾಕವನ್ನು ಬಲ್ಲವರು ಸುಲಭವಾಗಿ ಹೇಳಿಕೊಡುವುದಿಲ್ಲ. ಹೊಸದಾಗಿ ತಲೆಯೆತ್ತುವ ಕಾರ್ಖಾನೆಗಳು ಪುಡಿಯನ್ನೂ ಹಡಗಿನಲ್ಲೇ ತರಿಸಿಕೊಳ್ಳುತ್ತವೆಯೋ, ಇಲ್ಲಿಯೇ ಅರೆಯಲು ಕಲಿಯುತ್ತವೆಯೋ ಎಂಬುದರ ಮೇಲೆ ಪೀಣ್ಯದ ರೀಲಿನ ಬೆಲೆ ನಿಂತಿದೆ.